ಕಮೋಡಿಗೊಂದು ಕಟ್ಟೆ

ಟೆಕ್ಸಸ್‌ನ ವೇಕೋ ದಾಟಿ ಸ್ವಲ್ಪ ದೂರ ಬಂದ ಮೇಲೆ ಆಂಟಿ "ಗಾಡಿ ನಿಲ್ಲಸವಾ" ಅಂದರು. ಒಂದು ಗ್ಯಾಸ್ ಸ್ಟೇಷನ್ ಪಕ್ಕ ನಿಲ್ಲಿಸಿದೆ. ಅವರು ಇಳಿದು ರೆಸ್ಟ್‌ರೂಮ್ ಕಡೆ ನಾಲ್ಕು ಹೆಜ್ಜೆ ಹಾಕಿದರು. ಬಾಗಿಲ ಮುಂದಿನ ಸಾಲು ನೋಡಿದರು, ತೆರೆದ ಬಾಗಿಲಿನ ಒಳಗನ್ನೂ ನೋಡಿದರು, ಹಾಗೇ ತಿರುಗಿ ಬಂದು ಕೂತು ಬೆಲ್ಟ್ ಹಾಕಿಕೊಂಡರು.

"ನಡಿ, ಮನಿಗೇ ಹೋಗೂಣು."

ಮನೆ ಇದ್ದದ್ದು ಲಿಯಾಂಡರ್‌ನಲ್ಲಿ. ಇನ್ನೂ ಒಂದು ಗಂಟೆಗೂ ಮೀರಿದ ದಾರಿ. ನಾನು ನೀರಿನ ಬಾಟಲಿ ಚಾಚಿದೆ. ಬೇಡ ಎಂದು ಕೈ ಅಲ್ಲಾಡಿಸಿದರು. ಡಲ್ಲಾಸ್ ಬಿಟ್ಟಾಗಿನಿಂದ, ಅಷ್ಟೇ ಅಲ್ಲ, ಹಿಂದಿನ ಸಂಜೆಯಿಂದಲೇ ಅವರು ನೀರು ಮುಟ್ಟಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಆಂಟಿ ಧಾರವಾಡದವರು. ಆಸ್ಟಿನ್, ಡಲ್ಲಾಸ್, ಹೂಸ್ಟನ್ ಮೂರೂ ಕಡೆಯ ನಮ್ಮವರ ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಮಾಡುತ್ತಾರೆ. ನನ್ನ ಕೆಲಸ ಒಲೆಯಿಂದ ಈಚೆಗಿನದು. ಸಾಮಾನು ತರಿಸುವುದು, ಹಾಲ್‌ನವರ ಜೊತೆ ಮಾತಾಡುವುದು, ಪಿಕಪ್ ಟ್ರಕ್ ಓಡಿಸುವುದು, ಅದರ ಹಿಂದೆ ಟ್ರೇಲರ್ ಎಳೆದುಕೊಂಡು ಹೋಗುವುದು. ಅಡುಗೆಯೆಲ್ಲ ಹಾಲ್‌ನ ಅಡುಗೆಮನೆಯಲ್ಲೇ. ಟ್ರೇಲರ್ ಇರುವುದು ಆಂಟಿಗೋಸ್ಕರ. ಮಂಡಿನೋವಿನವರು, ನಸುಕಿಗೇ ಏಳುವವರು, ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚದೆ ಒಲೆ ಹಚ್ಚದವರು. ಹಾಲ್‌ನ ಹಿಂದೆ ಟ್ರೇಲರ್ ನಿಲ್ಲಿಸಿಬಿಟ್ಟರೆ ಮಲಗುವ ಮಂಚ, ದೇವರ ಗೂಡು, ಬಚ್ಚಲು ಎಲ್ಲ ಅವರ ಹತ್ತು ಹೆಜ್ಜೆಯೊಳಗೆ.

ಪ್ರತಿ ಟ್ರಿಪ್ಪಿಗೂ ನಾನು ದಿನಚರಿಯಲ್ಲಿ ಒಂದು ಪುಟ ಬರೆಯುತ್ತೇನೆ. ದಿನ, ಮೈಲಿ, ತುಂಬಿಸಿದ ನೀರು, ಖಾಲಿ ಮಾಡಿದ ಟ್ಯಾಂಕು. ಆಂಟಿ ಅದನ್ನು "ನಿನ್ನ ಪಂಚಾಂಗ" ಅನ್ನುತ್ತಾರೆ. ಡಲ್ಲಾಸಿನಿಂದ ಮರಳಿದ ಆ ಭಾನುವಾರದ ಪುಟದಲ್ಲಿ ಇರುವುದು ಇಷ್ಟು: "ಬೆಳಿಗ್ಗೆ ಟಾಯ್ಲೆಟ್ ಅಲ್ಲಾಡುತ್ತಿತ್ತು. ಬುಡದಲ್ಲಿ ಒದ್ದೆ. ಬಾಗಿಲಿಗೆ ಟೇಪ್ ಅಂಟಿಸಿ, ಬಳಸಬೇಡಿ ಎಂದು ಹೇಳಿದೆ."

ಆ ವಾರದಲ್ಲೇ ಆಂಟಿಗೆ ಚಳಿಜ್ವರ ಬಂತು. ಮೂತ್ರದ ಸೋಂಕು ಕಿಡ್ನಿಯವರೆಗೆ ಏರಿತ್ತು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಡ್ರಿಪ್ ಹಾಕಿದರು. ಪ್ರಯಾಣದಲ್ಲಿ ನೀರು ಕುಡಿಯದೆ, ತಡೆದುಕೊಂಡು ಕೂರುವುದು ಇದೇ ಮೊದಲಲ್ಲ ಎಂದು ಡಾಕ್ಟರು ಕೇಳಿ ತಿಳಿದುಕೊಂಡರು. ಇನ್ನೊಮ್ಮೆ ಹೀಗಾಗಕೂಡದು ಎಂದರು.

ಮನೆಗೆ ಬಂದ ದಿನ ಆಂಟಿಯ ಗಂಡ, ಅಂಕಲ್, ತೀರ್ಪು ಕೊಟ್ಟುಬಿಟ್ಟರು. "ಸಾಕು. ಟ್ರೇಲರ್ ಮಾರೂದು. ಊರಾಗಿನ ಆರ್ಡರ್ ಇದ್ರ ಮಾಡು, ಇಲ್ಲಾಂದ್ರ ಇಲ್ಲ."

"ಸ್ಟಾಫರ್ಡ್ ಮದುವಿಗೆ ಮಾತು ಕೊಟ್ಟೀನ್ರಿ."

"ಮಾತು ಕೊಟ್ಟಾಕಿ ನೀರು ಕುಡದು ಕೊಡಬೇಕಿತ್ತು."

ಆಂಟಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ತಂಗಿ, ಅದೊಂದು ರಿಪೇರಿ ಆತಂದ್ರ ಹೋಗ್ತೀನಿ. ಆಗ್ಲಿಲ್ಲಂದ್ರ ಇವ್ರು ಹೇಳಿದ್ದೇ ಖರೆ. ಗ್ಯಾಸ್ ಸ್ಟೇಷನ್ನಾಗ ನನ್ನ ಕಡೆ ಆಗೂದಿಲ್ಲವಾ. ಸಾಯೂ ಹಂಗಾದ್ರೂ ಆಗೂದಿಲ್ಲ."

ಟ್ರೇಲರ್ ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ವಸಂತದಲ್ಲಿ ಎಲ್ಲರ ಗಾಡಿಯೂ ಹೊರಗೆ ಬರುತ್ತದಂತೆ. ಅವರು ಕೊಟ್ಟ ದಿನ ಮದುವೆ ಆದ ಮೇಲೆ ಬರುತ್ತಿತ್ತು. ಹಾಗಾಗಿ ಮುಂದಿನ ಶನಿವಾರ ಬೆಳಿಗ್ಗೆ ಕೈಗವಸು ಹಾಕಿಕೊಂಡು ನಾನೇ ಒಳಗೆ ಹೋದೆ.

ಟ್ರೇಲರ್‌ನ ಟಾಯ್ಲೆಟ್ ಮನೆಯದರಂತಲ್ಲ. ಹಗುರವಾದ ಪ್ಲಾಸ್ಟಿಕ್ ಕಮೋಡು. ಪಕ್ಕದಲ್ಲಿ ಕಾಲಲ್ಲಿ ಒತ್ತುವ ಪೆಡಲ್. ಒತ್ತಿದರೆ ಬಟ್ಟಲಿನ ತಳದ ಮುಚ್ಚಳ ಪಕ್ಕಕ್ಕೆ ಸರಿದು, ಎಲ್ಲವೂ ನೇರ ಕೆಳಗಿನ ಕಪ್ಪು ಟ್ಯಾಂಕಿಗೆ ಬೀಳುತ್ತದೆ. ಸ್ನಾನದ ನೀರು, ಪಾತ್ರೆಯ ನೀರು ಹೋಗುವುದು ಬೇರೆ, ಬೂದು ಟ್ಯಾಂಕಿಗೆ. ಕಮೋಡು ಕೂರುವುದು ಒಂದು ಅಗಲ ಬಳೆಯಂಥ ಫ್ಲ್ಯಾಂಜ್ ಮೇಲೆ. ಫ್ಲ್ಯಾಂಜ್ ನೆಲಕ್ಕೆ ಸ್ಕ್ರೂ ಆಗಿರುತ್ತದೆ, ಕೆಳಗೆ ಟ್ಯಾಂಕಿನ ಪೈಪಿಗೆ ಅಂಟಿರುತ್ತದೆ. ಕಮೋಡಿಗೂ ಫ್ಲ್ಯಾಂಜಿಗೂ ನಡುವೆ ಒಂದು ರಬ್ಬರ್ ಸೀಲ್. ಸೋರಿದರೆ ನೂರಕ್ಕೆ ತೊಂಬತ್ತು ಪಾಲು ಸೀಲ್‌ನದೇ ತಪ್ಪು ಎಂದು ನಾನು ನೋಡಿದ ವಿಡಿಯೋಗಳೆಲ್ಲ ಹೇಳಿದವು.

ಟ್ಯಾಂಕ್ ಮೊದಲೇ ಖಾಲಿ ಮಾಡಿ ತೊಳೆಸಿದ್ದೆ. ಪಂಪ್ ಆರಿಸಿ, ಪೆಡಲ್ ಒತ್ತಿ ಪೈಪಿನಲ್ಲಿದ್ದ ನೀರು ಇಳಿಸಿ, ಹಿಂದಿನ ನಲ್ಲಿ ಜೋಡಣೆ ಬಿಚ್ಚಿದೆ. ಒಂದು ಬೋಲ್ಟಿನ ನಟ್ ಸಲೀಸಾಗಿ ಬಂತು. ಇನ್ನೊಂದು ತುಕ್ಕು ಹಿಡಿದು ಬೋಲ್ಟ್ ಸಮೇತ ಸುತ್ತತೊಡಗಿತು. ಗರಗಸದ ಬರೀ ಬ್ಲೇಡಿಗೆ ಬಟ್ಟೆ ಸುತ್ತಿ ಹಿಡಿದು, ಕಮೋಡಿಗೂ ಗೋಡೆಗೂ ನಡುವಿನ ನಾಲ್ಕು ಬೆರಳು ಜಾಗದಲ್ಲಿ ಅದನ್ನು ಕೊಯ್ಯುವುದಕ್ಕೆ ಮಧ್ಯಾಹ್ನವಾಯಿತು.

ಅಂಕಲ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ದ ವುಡ್‌ಲ್ಯಾಂಡ್ಸ್‌ನ ಒಂದು ತೈಲ ಕಂಪನಿಯಲ್ಲಿ ಪೈಪ್‌ಲೈನ್ ಡಿಸೈನ್ ಮಾಡಿ ನಿವೃತ್ತರಾದವರು.

"ಅಂಕಲ್, ಈ ಕಡೆ ಸ್ವಲ್ಪ ಹಿಡ್ಕೋತೀರಾ? ಪೈಪ್ ವಿಷಯ ನಿಮಗೆ ಗೊತ್ತಿರುತ್ತಲ್ಲ."

"ನಂದು ಕ್ರೂಡ್ ಆಯಿಲ್ ಇತ್ತವಾ. ಇಷ್ಟು ಕ್ರೂಡ್ ಇರಲಿಲ್ಲ." ಎರಡು ಹೆಜ್ಜೆ ಹಿಂದೆ ಸರಿದರು.

ಕಮೋಡು ಎತ್ತಿ ಹೊರಗಿಟ್ಟು, ಪೈಪಿನ ಬಾಯಿಗೆ ಹಳೆಯ ಟವೆಲ್ ತುರುಕಿದೆ. ಸೀಲ್ ಚಪ್ಪಟೆಯಾಗಿತ್ತು. ಹೊಸ ಸೀಲ್, ಹೊಸ ಬೋಲ್ಟ್ ಹಾಕಿ ಕೂರಿಸಿದೆ. ಬಟ್ಟಲು ತುಂಬಿಸಿ ಪೆಡಲ್ ಒತ್ತಿ, ಟಾರ್ಚ್ ಹಿಡಿದು ಬುಡ ನೋಡಿದೆ. ಒಣಗಿತ್ತು. ಟ್ರೇಲರ್‌ನ ಕೆಳಹೊದಿಕೆಯ ಒಂದು ಮೂಲೆ ಬಿಚ್ಚಿ, ಕೆಳಗೆ ಅಂಗಾತ ಮಲಗಿ, ಅಲ್ಲಿಂದಲೂ ನೋಡಿದೆ. ಅಲ್ಲೂ ಒಣ. ಇನ್ನೇನು ಹೊರಗೆ ಜಾರಬೇಕು, ಹಣೆಯ ಮೇಲೆ ಬಿಸಿನೀರು ಬಿತ್ತು. ಫಿನಾಯಿಲ್ ವಾಸನೆ. ಹಿಂದೆಯೇ ಕಿವಿಗೆ, ಕುತ್ತಿಗೆಗೆ.

"ಯಾರದು ನೀರು ಹಾಕ್ತಿರೋದು!"

"ನಾನವಾ!" ಮೇಲಿನಿಂದ ಆಂಟಿಯ ಖುಷಿಯ ದನಿ. "ಹೊಸಾದ್ ಕೂಡ್ಸೀಯಲ್ಲ, ಒಂದು ಬಕೆಟ್ ಹಾಕಿ ತೊಳದುಬಿಡ್ತೀನಿ!"

ನಾನು ಒದ್ದೆ ತಲೆಯಲ್ಲೇ ಮೇಲೆ ಓಡಿದೆ. ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದರು. ಅಂಗೈ ಅಗಲದ ನೆಲ ಮಿರಮಿರ ಹೊಳೆಯುತ್ತಿತ್ತು. ಸುರಿದ ನೀರು ಅಲ್ಲಿರಲಿಲ್ಲ.

"ಆಂಟಿ, ಯಾವಾಗಿಂದ ಹೀಗೆ ತೊಳೀತಿದೀರ?"

"ಯಾವಾಗಿಂದ ಅಂದ್ರ? ಗಾಡಿ ಬಂದಾಗಿಂದ. ಹೊರಡೂಕಿಂತ ಮೊದಲ ಒಂದು ಬಕೆಟ್, ಬಂದಮ್ಯಾಲ ಒಂದು ಬಕೆಟ್."

"ಆ ನೀರು ಎಲ್ಲಿಗೆ ಹೋಗುತ್ತೆ?"

ಆಂಟಿ ನೆಲ ನೋಡಿದರು, ನನ್ನನ್ನು ನೋಡಿದರು. "ಹೋಗ್ತದಲ್ಲ. ಒಂದು ದಿನಾನೂ ನಿಂತಿದ್ದು ನೋಡಿಲ್ಲ ನಾನು."

ನೀರು ನಿಲ್ಲದಿದ್ದರೆ ಬಚ್ಚಲು ಸರಿಯಾಗಿದೆ ಎಂದರ್ಥ. ನಮ್ಮ ಮನೆಗಳಲ್ಲಿ ಅದೇ ಲೆಕ್ಕ. ಆದರೆ ಆ ನೆಲದಲ್ಲಿ ಒಂದು ತೂತೂ ಇರಲಿಲ್ಲ. ಶವರ್‌ಗೆ ಪಕ್ಕದಲ್ಲಿ ಬೇರೆ ತಟ್ಟೆ, ಅದಕ್ಕೆ ಎತ್ತರದ ಅಂಚು. ಟಾಯ್ಲೆಟ್ ಇರುವ ಜಾಗ ಒರೆಸುವುದಕ್ಕೆಂದು ಮಾಡಿದ ನೆಲ, ತೊಳೆಯುವುದಕ್ಕೆಂದು ಮಾಡಿದ್ದಲ್ಲ. ಬಕೆಟ್ ಬಕೆಟ್ ನೀರೂ ಕಮೋಡಿನ ಬುಡದ ಸಂದಿಯಿಂದ ಮರದೊಳಗೆ ಇಳಿದಿತ್ತು.

ಬಾಗಿಲ ಹೊರಗಿನಿಂದ ಅಂಕಲ್ "ಆರತಿನೂ ಮಾಡಿಬಿಡು ಅದಕ್ಕ" ಅಂದರು. ಯಾರೂ ನಗಲಿಲ್ಲ.

ಕಮೋಡು ಮತ್ತೆ ಎತ್ತಿದೆ. ಈ ಸಲ ನೆಲಕ್ಕೆ ಹೊದಿಸಿದ್ದ ವಿನೈಲ್ ಶೀಟನ್ನೂ ಕೊಯ್ದು ಸುತ್ತಿದೆ. ಕೆಳಗಿನ ಪ್ಲೈವುಡ್ ಕಪ್ಪಾಗಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೆ ಇಳಿಯಿತು. ಕೈಯಲ್ಲಿ ಬಗೆದರೆ ನೆನೆದ ಅವಲಕ್ಕಿಯ ಹಾಗೆ ಹಿಡಿಹಿಡಿಯಾಗಿ ಬಂತು. ಫ್ಲ್ಯಾಂಜಿನ ಸ್ಕ್ರೂಗಳು ಹೆಸರಿಗೆ ಮಾತ್ರ ಅಲ್ಲಿದ್ದವು, ಹಿಡಿದುಕೊಳ್ಳಲು ಮರ ಇರಲಿಲ್ಲ. ಟಾಯ್ಲೆಟ್ ಅಲ್ಲಾಡಿದ್ದು ಅದಕ್ಕೆ.

ಆಂಟಿ ನನ್ನ ಬೆನ್ನ ಹಿಂದೆ ನಿಂತು ಆ ಕಪ್ಪು ಹಿಡಿಗಳನ್ನು ನೋಡುತ್ತಿದ್ದರು. "ಹಂಗಾದ್ರ ನಾನ ಕೆಡಿಸಿದ್ದು" ಅಂದರು.

"ಹಾಗಲ್ಲ ಆಂಟಿ. ಇನ್ಮೇಲೆ ಬಕೆಟ್ ಬೇಡ. ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು."

"ದೇವರ ಗೂಡಿಗೂ ಅದಕ್ಕೂ ನಡುವ ಒಂದು ತೆಳ್ಳನ ಬಾಗಿಲು. ನಾ ಅಲ್ಲೇ ಮಡೀಲಿ ನಿಂತು ದೀಪ ಹಚ್ಚಬೇಕು. ಒರಸಿದ್ರ ತೊಳದಂಗ ಹೆಂಗಾಗ್ತದ?" ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ತೊಳೀದಿದ್ದದ್ದನ್ನ ನಾ ಬಳಸೂದಿಲ್ಲವಾ. ಬಳಸ್ತೀನಿ ಅಂತ ನಿನಗ ಸುಳ್ಳು ಹೇಳಲಿ?"

ಅವತ್ತಿನ ಪುಟದಲ್ಲಿ ನಾನು ಮುಗಿದ ಕೆಲಸಗಳ ಸಾಲು ಹೊಡೆದು ಹಾಕಿ ಮೊದಲಿನಿಂದ ಬರೆದೆ. ಸೋರುವುದನ್ನು ನಿಲ್ಲಿಸುವುದು ಒಂದು ಕೆಲಸ. ಆಂಟಿ ಬಳಸುವಂತೆ ಮಾಡುವುದು ಬೇರೆ ಕೆಲಸ. ಎರಡನೆಯದು ಆಗದಿದ್ದರೆ ಮೊದಲನೆಯದರಿಂದ ಪ್ರಯೋಜನವಿಲ್ಲ. ಅಷ್ಟು ಗೊತ್ತಾಯಿತು, ದಾರಿ ಗೊತ್ತಾಗಲಿಲ್ಲ.

ಮರುದಿನ ಕೊಳೆತ ಭಾಗವನ್ನು ಚೌಕವಾಗಿ ಕತ್ತರಿಸಿ ತೆಗೆದೆ. ಸುತ್ತ ಗಟ್ಟಿ ಮರ ಸಿಗುವವರೆಗೆ ಗರಗಸ ಹೋಗುತ್ತಲೇ ಇರಬೇಕಾಯಿತು. ಕೆಳಗಿನ ತೊಲೆಗಳು ಪುಣ್ಯಕ್ಕೆ ಚೆನ್ನಾಗಿದ್ದವು. ಅವಕ್ಕೆ ಅಡ್ಡತುಂಡುಗಳನ್ನು ಜೋಡಿಸಿ, ನೀರಿಗೆ ಜಗ್ಗದ ಹೊಸ ಪ್ಲೈವುಡ್ ಕೂರಿಸಿದೆ. ಹಳೆಯ ಫ್ಲ್ಯಾಂಜ್ ಬಿಚ್ಚುವಾಗ ಬಳೆಯ ಹಾಗೆ ಪಟ್ಟೆಂದು ಒಡೆಯಿತು. ಹೊಸದಕ್ಕೆ ಆಸ್ಟಿನ್ ಸುತ್ತಮುತ್ತಲ ಮೂರು ಅಂಗಡಿ ಅಲೆದೆ. ಹಳೆಯದು ಪೈಪಿನ ಒಳಗೆ ಅಂಟುವ ಬಗೆಯದಾಗಿತ್ತು. ಅದರ ಬುಡ ಇನ್ನೂ ಪೈಪಿನೊಳಗೇ ಕಚ್ಚಿಕೊಂಡಿತ್ತು. ಹೊಸದಾಗಿ ಸಿಕ್ಕಿದ್ದು ಪೈಪಿನ ಹೊರಗೆ ಟೋಪಿಯ ಹಾಗೆ ಕೂರುವ ಬಗೆ. ಅಂಟು ಹಚ್ಚದೆ ಕೂರಿಸಿ ನೋಡಿದೆ. ನೆಲಕ್ಕಿಂತ ಒಂದೂವರೆ ಇಂಚು ಮೇಲೆ ನಿಂತಿತು.

ಅಂಗಡಿಗೆ ಫೋನ್ ಮಾಡಿದೆ. ಕೌಂಟರಿನವನು ಸಲೀಸಾಗಿ ಹೇಳಿದ. "ಪೈಪನ್ನೇ ಅಷ್ಟು ಕತ್ತರಿಸಿ ಹಾಕಿ. ಎಲ್ಲರೂ ಅದನ್ನೇ ಮಾಡ್ತಾರೆ. ಆದರೆ ಜಾಸ್ತಿ ಕತ್ತರಿಸಿಬಿಟ್ಟರೆ ಮಾತ್ರ ಟ್ಯಾಂಕೇ ಇಳಿಸಬೇಕಾಗುತ್ತೆ."

ಪೈಪಿನ ಮೇಲೆ ಗುರುತು ಹಾಕಿದೆ. ಅಳೆದೆ. ಅಳಿಸಿ ಮತ್ತೆ ಅಳೆದೆ. ಟ್ಯಾಂಕ್ ಇಳಿಸುವ ಕೆಲಸ ಮದುವೆಯ ಮೊದಲು ಮುಗಿಯುವುದಿಲ್ಲ. ಒಂದು ಸಲ ಗರಗಸ ಓರೆಯಾದರೆ ಸ್ಟಾಫರ್ಡೂ ಇಲ್ಲ, ಅದರ ಮುಂದಿನದೂ ಇಲ್ಲ. ಗರಗಸ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹೊಸ್ತಿಲಲ್ಲಿ ಕೂತೆ.

ಆಂಟಿ ಮಜ್ಜಿಗೆ ತಂದರು. ಪಕ್ಕದಲ್ಲಿ ಕೂರಲು ಹೋಗಿ, ಹೊಸ್ತಿಲು ತಗ್ಗಾಯಿತೆಂದು ಕೂರಲಿಲ್ಲ. ನಾನು ಕತೆಯೆಲ್ಲ ಹೇಳಿದೆ.

"ಒಂದೂವರಿ ಇಂಚು ಮ್ಯಾಲಿದ್ರ ಏನಾಗ್ತದ?"

"ಕಮೋಡು ಗಾಳೀಲಿ ನಿಲ್ಲುತ್ತೆ ಆಂಟಿ."

"ಅದರ ಕೆಳಗ ಏನರೆ ಇಡು."

ನನಗೆ ತಕ್ಷಣ ನೆನಪಾದದ್ದು ಮೈಸೂರಿನ ನಮ್ಮ ಮನೆ. ಅಲ್ಲಿ ಬಚ್ಚಲಿಗಿಂತ ಪಾಯಿಖಾನೆ ಒಂದು ಮೆಟ್ಟಿಲು ಎತ್ತರ. ಬಚ್ಚಲ ನೀರು ಎಷ್ಟು ಸುರಿದರೂ ಅದು ಆ ಮೆಟ್ಟಿಲು ಹತ್ತುವುದಿಲ್ಲ. ದಿನವೂ ಹತ್ತಿ ಇಳಿದ ಮೆಟ್ಟಿಲು. ಯಾಕಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಫ್ಲ್ಯಾಂಜನ್ನು ನೆಲಕ್ಕೆ ಇಳಿಸುವುದು ಯಾಕೆ? ನೆಲವನ್ನೇ ಅದರ ಹತ್ತಿರಕ್ಕೆ ಎತ್ತಬಹುದು. ಕಮೋಡಿಗೆ ಮಾತ್ರ ಒಂದು ಪುಟ್ಟ ಕಟ್ಟೆ. ಸುತ್ತಲಿನ ನೆಲ ತಗ್ಗಿನಲ್ಲೇ ಇರಲಿ. ಆಂಟಿ ಬಕೆಟ್ ಸುರಿಯಲಿ. ನೀರು ಕಟ್ಟೆಯ ಬುಡಕ್ಕೆ ಬಡಿದು ನಿಲ್ಲುತ್ತದೆ, ಸಂದಿಗೆ ಸೇರುವುದಿಲ್ಲ. ಆ ನೀರು ಹೊರಗೆ ಹೋಗಲು ನೆಲಕ್ಕೊಂದು ತೂತು, ಅಲ್ಲಿಂದ ಬೂದು ಟ್ಯಾಂಕಿಗೆ ಪೈಪ್. ಅಂದರೆ ನಮ್ಮಲ್ಲಿರುವಂಥದೇ ಬಚ್ಚಲು.

ಗರಗಸ ಪೆಟ್ಟಿಗೆಯಲ್ಲಿಟ್ಟೆ.

ಅಂಕಲ್ ಒಪ್ಪಲಿಲ್ಲ. "ಸಿಂಹಾಸನ ಮಾಡ್ಲಿಕ್ಕತ್ತೀಯೇನು? ಈಕೀಗೆ ಕಾಲು ನೆಲಕ್ಕ ಮುಟ್ಟಬೇಕಲ್ಲ. ಪೆಡಲ್ಲೂ ಮ್ಯಾಲ ಹೋಗ್ತದ. ಮಂಡಿ ನೋವಿನಾಕಿ ಕಾಲು ಎತ್ತಿ ಒತ್ತಬೇಕು."

ಆಕ್ಷೇಪಣೆ ಸರಿಯಾಗಿತ್ತು. ಕಟ್ಟಿದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ನೋಡುವುದು ಒಳ್ಳೆಯದು. ಮರುದಿನ ಬೆಳಿಗ್ಗೆ ಪ್ಲೈವುಡ್ಡಿನ ಎರಡು ತುಂಡುಗಳನ್ನು ಮನೆ ಮುಂದಿನ ಡ್ರೈವ್‌ವೇಯಲ್ಲಿ ಒಂದರ ಮೇಲೊಂದಿಟ್ಟು, ತೊಳೆದು ಒಣಗಿಸಿದ್ದ ಕಮೋಡನ್ನು ಅದರ ಮೇಲೆ ನಿಲ್ಲಿಸಿದೆ.

"ಆಂಟಿ, ಕೂತು ನೋಡಿ."

"ಇಲ್ಲೇ? ರಸ್ತಾದಾಗ?"

"ಬರೀ ಕೂರೋದು ಆಂಟಿ."

ಆಂಟಿ ಅತ್ತಿತ್ತ ನೋಡಿ, ಸೀರೆ ಸರಿಮಾಡಿಕೊಂಡು, ಫೋಟೋಗೆ ಕೂರುವವರ ಹಾಗೆ ನೆಟ್ಟಗೆ ಕೂತರು. ಅಷ್ಟರಲ್ಲಿ ಎದುರು ಮನೆಯವರು ನಾಯಿ ಹಿಡಿದುಕೊಂಡು ಹೊರಗೆ ಬಂದರು. ಒಂದು ಕ್ಷಣ ನಿಂತರು. ಆಂಟಿ ಕೂತಲ್ಲಿಂದಲೇ ಗಂಭೀರವಾಗಿ ಕೈ ಬೀಸಿ "ಗುಡ್ ಮಾರ್ನಿಂಗ್" ಅಂದರು. ಅವರೂ ಗುಡ್ ಮಾರ್ನಿಂಗ್ ಹೇಳಿ, ನಾಯಿಯನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡು ಹೋದರು. ಅಂಕಲ್ ಗ್ಯಾರೇಜಿನೊಳಗೆ ಹೋಗಿ ನಿಂತರು. ಅವರ ಭುಜ ಕುಲುಕುತ್ತಿದ್ದದ್ದು ಕಾಣಿಸುತ್ತಿತ್ತು.

"ಏಳಿ ಆಂಟಿ."

ಎದ್ದರು. ತಾವೇ ಆಶ್ಚರ್ಯಪಟ್ಟವರ ಹಾಗೆ ನಿಂತುಕೊಂಡರು. "ಏ, ಕೈ ಹಿಡೀದನ ಎದ್ದೆ ನೋಡು!" ಮತ್ತೆ ಕೂತರು, ಮತ್ತೆ ಎದ್ದರು. ಪೆಡಲ್ ಒತ್ತಿ ನೋಡಿದರು. ಪಾದ ಸ್ವಲ್ಪ ಎತ್ತಬೇಕಾಗಿತ್ತು, ಆದರೆ ಮೊದಲಿಗಿಂತ ಬಗ್ಗುವುದು ಕಡಿಮೆಯಾಗಿತ್ತು. "ಇದು ಛಲೋ ಅದವಾ. ಮೊದಲಿಂದು ಪಾತಾಳದಾಗ ಇತ್ತು. ಹೇಳಲಿಕ್ಕೆ ನಾಚಿಕಿ ಆಗಿ ಸುಮ್ನಿದ್ದೆ."

ಗ್ಯಾರೇಜಿನ ಒಳಗಿಂದ ಅಂಕಲ್ ಕೇಳಿದರು. "ಆ ತೂತಿನ ಪೈಪ್ ಯಾರು ಹಾಕೂರು?"

"ನಾನೇ ಹಾಕ್ಬೇಕು ಅಂಕಲ್."

"ನಿನಗ ಇಳಿಜಾರಿನ ಲೆಕ್ಕ ಬರ್ತದೇನು? ಒಂದು ಫೂಟಿಗೆ ಕಾಲು ಇಂಚು ಇಳೀಬೇಕು. ಸರಿ ಅತ್ತಾಗ, ನಾ ಹಾಕ್ತೀನಿ."

ಆ ವಾರ ಸಂಜೆ ಸಂಜೆ ಕೆಲಸ ಸಾಗಿತು. ಕಟ್ಟೆಯ ಎರಡು ಪದರಗಳನ್ನು ಅಂಟಿಸಿ, ಸ್ಕ್ರೂ ಹಾಕಿ, ಎಲ್ಲ ಮೈಗೂ ಎಪಾಕ್ಸಿ ಬಳಿದೆ. ಒಂದೇ ತುಂಡು ವಿನೈಲ್ ಶೀಟನ್ನು ನೆಲಕ್ಕೆ ಹಾಸಿ, ಗೋಡೆಗೆ ನಾಲ್ಕು ಬೆರಳು ಏರಿಸಿದೆ, ಕಟ್ಟೆಯ ಮೇಲಕ್ಕೂ ಹತ್ತಿಸಿದೆ. ನೀರು ಹೊರಗೆ ಹರಿಯದಂತೆ ಬಾಗಿಲ ಬುಡಕ್ಕೆ ಒಂದು ಎತ್ತರದ ಪಟ್ಟಿ ಬಡಿದೆ. ಫ್ಲ್ಯಾಂಜ್ ಅಂಟಿಸುವಾಗ ತಡಮಾಡುವಂತಿಲ್ಲ. ಪೈಪಿನ ಅಂಟು ಕೆಲವೇ ಕ್ಷಣದಲ್ಲಿ ಕಚ್ಚಿಕೊಳ್ಳುತ್ತದೆ. ಬೋಲ್ಟ್ ಕೂರುವ ಸೀಳು ಓರೆಯಾದರೆ ಕಮೋಡು ಜನ್ಮಪೂರ್ತಿ ಗೋಡೆಯನ್ನು ನೋಡಿಕೊಂಡು ಕೂರುತ್ತದೆ. ಪೈಪಿಗೂ ಫ್ಲ್ಯಾಂಜಿಗೂ ಪೆನ್ಸಿಲಿನಲ್ಲಿ ಒಂದೇ ಗೆರೆ ಎಳೆದುಕೊಂಡು, ಉಸಿರು ಹಿಡಿದು ಕೂರಿಸಿದೆ. ಗೆರೆಗೆ ಗೆರೆ ಸೇರಿತು.

ಅಂಕಲ್ ಮಟ್ಟಗೋಲು ಇಟ್ಟು ನೆಲ ನೋಡಿದರು. ನೆಲ ಆಗಲೇ ಹಿಂದಿನ ಮೂಲೆಗೆ ವಾಲಿದೆ, ಬೇರೆ ಇಳಿಜಾರು ಕಟ್ಟಬೇಕಾಗಿಲ್ಲ ಎಂದರು. ಆ ಮೂಲೆಯಲ್ಲಿ ತೂತು ಕೊರೆದು, ಕೆಳಗೆ ವಾಸನೆ ತಡೆಯುವ ಕವಾಟ ಹಾಕಿ, ಬೂದು ಟ್ಯಾಂಕಿಗೆ ಹೋಗುವ ಪೈಪಿಗೆ ಜೋಡಿಸಿದರು. ಕೈಗವಸು ಕೇಳಲೂ ಇಲ್ಲ. ಬಕೆಟ್ ನೀರು ಸುರಿದೆವು. ಗುಳುಗುಳು ಎಂದು ಇಳಿದುಹೋಯಿತು. ಅಂಕಲ್ ಎರಡನೇ ಬಕೆಟ್ ತಾವೇ ತಂದು ಸುರಿದರು.

ಮರುದಿನ ಟ್ರೇಲರ್ ಎಳೆದುಕೊಂಡು ಟ್ಯಾಂಕ್ ಖಾಲಿ ಮಾಡುವ ಜಾಗಕ್ಕೆ ಹೋದೆವು. ಅಲ್ಲಿ ಟ್ರಕ್ಕಿನಿಂದ ಬಿಡಿಸಿ, ಇನ್ನೊಮ್ಮೆ ಪರೀಕ್ಷೆಗೆಂದು ಬಕೆಟ್ ಸುರಿದೆ. ನೀರು ತೂತಿಗೆ ಬೆನ್ನು ಹಾಕಿ, ಎದುರು ಮೂಲೆಯಲ್ಲಿ ಕೊಳವಾಗಿ ನಿಂತಿತು.

ಅಂಕಲ್ ಮಟ್ಟಗೋಲು ಇಟ್ಟರು, ತೆಗೆದರು, ಮತ್ತೆ ಇಟ್ಟರು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾವು ಅಳೆದದ್ದು ಟ್ರೇಲರ್‌ನ ನೆಲವನ್ನಲ್ಲ, ಲಿಯಾಂಡರ್ ಮನೆಯ ಡ್ರೈವ್‌ವೇಯನ್ನು. ಅದು ರಸ್ತೆಯ ಕಡೆ ಇಳಿಜಾರಾಗಿದೆ.

"ಮೂವತ್ತು ವರ್ಷ," ಅಂಕಲ್ ಮಟ್ಟಗೋಲನ್ನು ನೋಡುತ್ತ ಹೇಳಿದರು, "ಮೂವತ್ತು ವರ್ಷ ನಾ ಡಿಸೈನ್ ಮಾಡಿದ್ದು ಯಾವುದೂ ಜಾಗಾ ಬಿಟ್ಟು ಹೋಗಿದ್ದಿಲ್ಲ ನೋಡವಾ."

ನಾನು ಶೀಟ್ ಕಿತ್ತು ಮತ್ತೆ ಇಳಿಜಾರು ಕಟ್ಟಬೇಕಾದರೆ ಎಷ್ಟು ದಿನ ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ದಿನಗಳು ಇರಲಿಲ್ಲ. ಅಂಕಲ್ ಟ್ರೇಲರ್ ಸುತ್ತ ಒಂದು ಸುತ್ತು ಹಾಕಿದರು. ಮುಂಭಾಗದಲ್ಲಿ, ಟ್ರೇಲರ್‌ನ ಮೂತಿಯನ್ನು ನೆಲದಿಂದ ಎತ್ತಿ ಹಿಡಿಯುವ ಜ್ಯಾಕ್ ಹತ್ತಿರ ನಿಂತರು. ಹಿಡಿ ತಿರುಗಿಸಿದರು. ಮೂತಿ ಸ್ವಲ್ಪ ಮೇಲೆದ್ದಿತು. ಇನ್ನಷ್ಟು ತಿರುಗಿಸಿದರು. ಒಳಗಿಂದ ನಾನು ನೋಡುತ್ತಿದ್ದಂತೆ ಕೊಳ ಅಲುಗಿತು, ಒಂದು ನಾಲಿಗೆ ಚಾಚಿತು, ಕಟ್ಟೆಯ ಪಕ್ಕದಿಂದ ಹಾದು ತೂತಿನ ಕಡೆ ಹೊರಟಿತು.

"ಹೋಗ್ತಿದೆ ಅಂಕಲ್!"

"ಮನಿಗೆ ಇಳಿಜಾರು ಕಟ್ಟಬೇಕು," ಅವರ ದನಿ ಹೊರಗಿನಿಂದ ಬಂತು. "ಗಾಡಿ ಎತ್ತಿದ್ರ ಸಾಕು."

ಕಮೋಡನ್ನು ಕೊನೆಯ ಸಲ ಕೂರಿಸಿದ್ದು ಗುರುವಾರ. ಒಂದು ಕಡೆಯ ನಟ್ಟನ್ನೇ ಒಮ್ಮೆಗೇ ಪೂರ್ತಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ಜಡೆ ಹೆಣೆಯುವ ಹಾಗೆ ಎಡಕ್ಕಷ್ಟು ಬಲಕ್ಕಷ್ಟು ಬಿಗಿದೆ, ಅಲ್ಲಾಡುವುದು ನಿಂತ ಕೂಡಲೇ ಕೈಬಿಟ್ಟೆ. ಆಂಟಿ ಬಂದು ಬಕೆಟ್ ಸುರಿದರು. ನಾನು ಕೆಳಗೆ ಅಂಗಾತ ಮಲಗಿ ಮುಖ ಮೇಲೆ ಮಾಡಿ ಕಾದೆ. ಒಂದು ಹನಿಯೂ ಬೀಳಲಿಲ್ಲ. ಕೆಳಹೊದಿಕೆ ಮುಚ್ಚಿ ಸ್ಕ್ರೂ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಹೂಸ್ಟನ್ ಪಕ್ಕದ ಸ್ಟಾಫರ್ಡಿಗೆ ಹೊರಟೆವು. ನನಗೆ ಕೆಲಸ ಮುಗಿದಿದೆ ಎಂಬ ನೆಮ್ಮದಿ ಇರಬೇಕಾಗಿತ್ತು. ಇರಲಿಲ್ಲ. ಆಂಟಿಯ ಕಾಲ ಬಳಿ ತುಂಬಿದ ಬಾಟಲಿ ಇತ್ತು, ಮುಚ್ಚಳದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಆಸ್ಟಿನ್ ದಾಟಿತು. ಬ್ಯಾಸ್ಟ್ರಪ್ ದಾಟಿತು. ಅವರು ರೊಟ್ಟಿ ಎಷ್ಟು, ಎಣ್ಣೆಗಾಯಿ ಎಷ್ಟು ಎಂದು ಮಾತಾಡುತ್ತಿದ್ದರು. ನಾನು ಕುಡಿಯಿರಿ ಎನ್ನಲಿಲ್ಲ. ಡಾಕ್ಟರು ಹೇಳಿಯಾಗಿತ್ತು, ಅಂಕಲ್ ಹೇಳಿಯಾಗಿತ್ತು. ನಾನು ಮಾಡಬಹುದಾದದ್ದನ್ನು ಮಾಡಿ ಹಿಂದೆ ಕಟ್ಟಿಕೊಂಡಿದ್ದೆ. ಸೀಲ್, ಫ್ಲ್ಯಾಂಜ್, ಕಟ್ಟೆ ಎಲ್ಲದಕ್ಕೂ ಪರೀಕ್ಷೆ ಇತ್ತು. ಇದಕ್ಕೆ ನನ್ನ ಹತ್ತಿರ ಪರೀಕ್ಷೆ ಇರಲಿಲ್ಲ.

ಲಾ ಗ್ರೇಂಜ್ ಹತ್ತಿರ ದಾರಿಬದಿಯ ವಿಶ್ರಾಂತಿ ಜಾಗದಲ್ಲಿ ಟೈರ್ ನೋಡುವ ನೆಪದಲ್ಲಿ ನಿಲ್ಲಿಸಿದೆ. ಆಂಟಿ ಇಳಿದರು. ಟ್ರೇಲರ್ ಬಾಗಿಲು ತೆಗೆದು ಒಳಗೆ ಹೋದರು. ನಾನು ಟೈರ್ ಪಕ್ಕ ನಿಂತು, ಕೇಳಿಸಿಕೊಳ್ಳಬಾರದೆಂದುಕೊಂಡೇ ಕೇಳಿಸಿಕೊಂಡೆ. ಒಳಬಾಗಿಲು ತೆರೆದ ಸದ್ದು. ಮೌನ. ಪಂಪ್ ಗುರ್ ಅಂದಿತು, ಪೆಡಲ್ ಟಕ್ ಅಂದಿತು. ಕೈ ತೊಳೆದ ಸದ್ದು. ಆಂಟಿ ಒಂದೊಂದೇ ಮೆಟ್ಟಿಲು ಇಳಿದು ಬಂದು ತಮ್ಮ ಜಾಗದಲ್ಲಿ ಕೂತರು. ಬಾಟಲಿ ಎತ್ತಿ, ಮುಚ್ಚಳ ತಿರುಚಿ, ಕತ್ತು ಹಿಂದಕ್ಕೆ ಮಾಡಿ, ತುಟಿಗೆ ತಗುಲಿಸದೆ, ನಿಲ್ಲಿಸದೆ ಕುಡಿದರು. ಅರ್ಧ ಬಾಟಲಿ. ಉಸಿರು ತೆಗೆದುಕೊಂಡು ಉಳಿದದ್ದು.

"ಇನ್ನೊಂದು ಅದೇನು?"

ಇತ್ತು. ಕೊಟ್ಟೆ.

ಕೊಲಂಬಸ್ ಹತ್ತಿರ ಮತ್ತೊಮ್ಮೆ ನಿಲ್ಲಿಸಿದೆ. ಕೇಟಿ ಬರುವ ಮೊದಲು ಇನ್ನೊಮ್ಮೆ. ಅಲ್ಲಿ ನಿಂತಿದ್ದಾಗ ಅಂಕಲ್ ಫೋನ್ ಮಾಡಿದರು. ಹಾಲ್‌ನವರು ಮನೆಗೆ ಫೋನ್ ಮಾಡಿದ್ದರಂತೆ.

"ಎಲ್ಲಿದ್ದೀರವಾ? ಇಷ್ಟೊತ್ತಿಗೆ ಮುಟ್ಟಬೇಕಾಗಿತ್ತಲ್ಲ. ಗಾಡಿ ಕೆಟ್ಟತೇನು?"

"ಗಾಡಿ ಚೆನ್ನಾಗಿದೆ ಅಂಕಲ್. ಆಂಟಿ ನೀರು ಕುಡೀತಿದ್ದಾರೆ. ಅದಕ್ಕೇ ನಿಲ್ಲಿಸ್ತಾ ನಿಲ್ಲಿಸ್ತಾ ಬರ್ತಿದೀವಿ."

"ನಿಲ್ಲಸ್ರಿ," ಅಂದರು ಅಂಕಲ್. "ತಡ ಆದ್ರ ಆಗ್ಲಿ. ನಾ ಹೇಳ್ತೀನಿ ಅವ್ರಿಗೆ."